ಸಂಚಾರನಿಯಾಮಕವೂ ರೂಬಿ ಭಾಷೆಯ ಆಜ್ಞೆಗಳೂ

“ಸರ್ವರ್ ಬ್ಯುಸಿ” ಎಂಬ ಮಾತನ್ನು ಕೇಳದವರು ನಮ್ಮ ಆಯನೂರು ಹೋಬಳಿಯಲ್ಲಿ ಈಗ ಯಾರೂ ಇರಲಾರರು. ಪಹಣಿಗಾಗಿ ಹೋದ ರೈತನೂ, ಪಡಿತರ ಚೀಟಿಯ ತಿದ್ದುಪಡಿಗಾಗಿ ಒಂದು ದಿನದ ಕೂಲಿಯನ್ನು ಬಿಟ್ಟುಬಂದ ಹೆಣ್ಣುಮಗಳೂ, ಮಗಳ ಪರೀಕ್ಷೆಯ ಫಲವನ್ನು ತಿಳಿಯಲು ಮೊಬೈಲನ್ನು ಕೈಯಲ್ಲಿ ಹಿಡಿದು ಕುಳಿತ ತಂದೆಯೂ ಈ ಮಾತನ್ನು ಕೇಳಿ, ಮುಂಗಾರು ತಡವಾದಾಗ ಹೇಗೋ ಹಾಗೆಯೇ ಮನಸ್ಸನ್ನು ಸಮಾಧಾನಪಡಿಸಿಕೊಂಡು ಸುಮ್ಮನಾಗುವರು. ಆದರೆ ಮಳೆಯು ಮನುಷ್ಯರ ಕೈಯಲ್ಲಿಲ್ಲ. ಸರ್ವರಿನ ಏರ್ಪಾಡಾದರೋ ಪೂರ್ಣವಾಗಿ ಮನುಷ್ಯರ ಕೈಯಲ್ಲಿಯೇ ಇರುವುದು. ಯಾರೋ ಒಬ್ಬರು ಮುಂದಾಲೋಚನೆಯಿಂದ ಕೆಲವು ಪಂಕ್ತಿಗಳನ್ನು ಸರಿಯಾಗಿ ಬರೆದಿಟ್ಟಿದ್ದರೆ ಸಾವಿರಾರು ಜನರ ದಿನವು ಉಳಿಯುವುದು. ಬರೆಯದಿದ್ದರೆ ಅದು ವ್ಯರ್ಥವಾಗಿ ಕಳೆಯುವುದು. ಆ ಪಂಕ್ತಿಗಳು ಯಾವುವು, ಅವು ಯಾವ ಯಂತ್ರಕ್ಕೆ ಆಜ್ಞೆ ಕೊಡುವುವು, ಅವುಗಳನ್ನು ಬರೆಯುವ ಭಾಷೆ ಎಂತಹುದು ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಅವರ ತಾಯ್ತಂದೆಗಳಿಗೂ ತಿಳಿಯುವಂತೆ ವಿವರಿಸುವುದೇ ಈ ಪಾಠದ ಉದ್ದೇಶವು.

ನೂಕುನುಗ್ಗಲಿನ ಲೆಕ್ಕ

ಮೊದಲು ಒಂದು ಲೆಕ್ಕವನ್ನು ಮಾಡೋಣ. 2024ರ ಮೇ 9ರಂದು ಎಸ್.ಎಸ್.ಎಲ್.ಸಿ. ಮೊದಲನೆಯ ಪರೀಕ್ಷೆಯ ಫಲಿತಾಂಶವು ಪ್ರಕಟವಾಯಿತು. ಆ ವರ್ಷ ಪರೀಕ್ಷೆಗೆ ಕುಳಿತವರು 8,59,967 ಮಂದಿ. ತೇರ್ಗಡೆಯಾದವರು 6,31,204 ಮಂದಿ. ಅಂದರೆ ನೂರಕ್ಕೆ 73.40ರಷ್ಟು. ನಮ್ಮ ಶಿವಮೊಗ್ಗ ಜಿಲ್ಲೆಯು 88.67ರ ಪ್ರಮಾಣದಿಂದ, ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ನಂತರ, ರಾಜ್ಯದಲ್ಲಿ ಮೂರನೆಯ ಸ್ಥಾನವನ್ನು ಪಡೆಯಿತು. ಈ ಸಂಗತಿಯು ನಮಗೆಲ್ಲರಿಗೂ ಸಂತೋಷದಾಯಕವಾದುದೇ. ಆದರೆ ಈಗ ನಾವು ವಿಚಾರಮಾಡತಕ್ಕದ್ದು ಅಂಕಗಳನ್ನಲ್ಲ, ಆ ಅಂಕಗಳನ್ನು ನೋಡಬಂದವರ ಸಂಖ್ಯೆಯನ್ನು.

ಪ್ರತಿಯೊಬ್ಬ ಅಭ್ಯರ್ಥಿಯೂ ಒಂದೇ ಒಂದು ಸಲ ಜಾಲತಾಣವನ್ನು ತೆರೆದಳೆಂದೂ, ಎಲ್ಲರೂ ಒಂದು ಗಂಟೆಯೊಳಗೆ ಸಮನಾಗಿ ಹರಡಿಕೊಂಡು ಬಂದರೆಂದೂ ಭಾವಿಸಿದರೆ, ಸೆಕೆಂಡಿಗೆ ಸುಮಾರು 239 ಕೋರಿಕೆಗಳಾಗುವುವು. ಅದೇ ಜನರು ಹತ್ತು ನಿಮಿಷಗಳೊಳಗೆ ಬಂದರೆ ಸೆಕೆಂಡಿಗೆ ಸುಮಾರು 1,433 ಕೋರಿಕೆಗಳು. ಒಂದು ಸರ್ವರ್ ಯಂತ್ರವು ಸೆಕೆಂಡಿಗೆ 400 ಕೋರಿಕೆಗಳಿಗೆ ಉತ್ತರಿಸಬಲ್ಲದೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ನಾಲ್ಕು ಯಂತ್ರಗಳಿದ್ದರೆ 1,600, ಸಾಕಾಗುವುದು. ಅವುಗಳಲ್ಲಿ ಒಂದು ಕೆಟ್ಟರೆ ಉಳಿಯುವುದು 1,200. ಆಗ ಪ್ರತಿ ಸೆಕೆಂಡಿಗೂ 233 ಮಂದಿ ಹೊರಗೆ ಉಳಿಯುವರು. ಒಂದು ನಿಮಿಷದಲ್ಲಿ 13,980 ಮಂದಿ. ಹೀಗೆ ಉಳಿದವರು ಸುಮ್ಮನೆ ಕೂಡುವರೇ? ಇಲ್ಲ. ಪುಟವು ತೆರೆಯಲಿಲ್ಲವೆಂದು ಮತ್ತೆ ಮತ್ತೆ ಒತ್ತುವರು. ಅಣ್ಣನು ಒಂದು ಫೋನಿನಲ್ಲಿ, ಚಿಕ್ಕಮ್ಮನು ಇನ್ನೊಂದರಲ್ಲಿ ಪ್ರಯತ್ನಿಸುವರು. ಒಂದು ಕೋರಿಕೆಯು ಐದಾಗುವುದು. ಉಳಿದ ಮೂರು ಯಂತ್ರಗಳೂ ಈ ಭಾರವನ್ನು ತಾಳಲಾರದೆ ಒಂದರ ಹಿಂದೆ ಒಂದು ನಿಂತುಹೋಗುವುವು. ನಮ್ಮ ಕಣ್ಣಿಗೆ ಕಾಣುವ “ಸರ್ವರ್ ಬ್ಯುಸಿ” ಎಂಬುದು ಈ ರೀತಿಯಾಗಿ ಹುಟ್ಟುವುದು.

ಬಾಗಿಲಲ್ಲಿ ನಿಂತು ಹಂಚುವ ಯಂತ್ರ

ಇದಕ್ಕೆ ಪರಿಹಾರವಾಗಿ ಸರ್ವರುಗಳ ಮುಂದೆ ಒಂದು ವ್ಯವಸ್ಥೆಯನ್ನು ಇರಿಸುವರು. ಅದಕ್ಕೆ ಟ್ರಾಫಿಕ್ ಮ್ಯಾನೇಜರ್ ಎಂದು ಹೆಸರು; ನಾವು ಸಂಚಾರನಿಯಾಮಕವೆನ್ನೋಣ. ಇಲ್ಲಿ ಸಂಚಾರವೆಂದರೆ ಸಾಗರದ ರಸ್ತೆಯಲ್ಲಿ ಓಡುವ ಬಸ್ಸು ಲಾರಿಗಳ ಸಂಚಾರವಲ್ಲ. ಜಾಲದಲ್ಲಿ ಬರುವ ಕೋರಿಕೆಗಳ ಮತ್ತು ಹೋಗುವ ಉತ್ತರಗಳ ಸಂಚಾರ. ಹೊರಗಿನ ಜನರಿಗೆ ಕಾಣುವುದು ಒಂದೇ ಬಾಗಿಲು. ಬಾಗಿಲ ಹಿಂದೆ ಒಂದೇ ಕೆಲಸಕ್ಕೆ ನೇಮಕವಾದ ಅನೇಕ ಯಂತ್ರಗಳಿರುವುವು. ಆ ತಂಡಕ್ಕೆ ಪೂಲ್ ಎಂದೂ, ತಂಡದ ಒಂದೊಂದು ಯಂತ್ರಕ್ಕೆ ನೋಡ್ ಎಂದೂ ಕರೆಯುವರು.

ಶಾಲೆಯ ವಾರ್ಷಿಕೋತ್ಸವದ ಊಟವನ್ನು ನೆನೆಯಿರಿ. ನಾಲ್ವರು ಬಡಿಸುವವರಿದ್ದು, ಬಂದವರೆಲ್ಲರೂ ಮೊದಲನೆಯವರ ಮುಂದೆಯೇ ನಿಂತರೆ ಮೂವರು ಕೈಕಟ್ಟಿ ನಿಲ್ಲಬೇಕಾಗುವುದು. ಬಾಗಿಲಲ್ಲಿ ಒಬ್ಬ ಹಿರಿಯ ವಿದ್ಯಾರ್ಥಿನಿಯು ನಿಂತು “ನೀನು ಈ ಸಾಲಿಗೆ ಹೋಗು, ನೀನು ಆ ಸಾಲಿಗೆ ಹೋಗು” ಎಂದು ಕಳುಹಿಸಿದರೆ ನಾಲ್ಕು ಸಾಲುಗಳೂ ಸಮನಾಗಿ ನಡೆಯುವುವು. ನಿಯಾಮಕವೂ ಇದನ್ನೇ ಮಾಡುವುದು. ಆದರೆ ಅದಕ್ಕೆ ಹಂಚುವ ಕ್ರಮಗಳು ಹಲವು ಉಂಟು. ಒಂದನೆಯದು ಸರದಿಯ ಕ್ರಮ: ಒಂದು, ಎರಡು, ಮೂರು, ನಾಲ್ಕು, ಪುನಃ ಒಂದು. ಎರಡನೆಯದು ಬಲಾಬಲವನ್ನು ನೋಡಿ ಕೊಡುವ ಕ್ರಮ: ಹೊಸ ಯಂತ್ರಕ್ಕೆ ಎರಡು ಪಾಲು, ಹಳೆಯದಕ್ಕೆ ಒಂದು ಪಾಲು. ಮೂರನೆಯದು ಆ ಕ್ಷಣದಲ್ಲಿ ಯಾರ ಸಾಲು ಚಿಕ್ಕದೋ ಅವರಿಗೆ ಕೊಡುವ ಕ್ರಮ. ಕೋರಿಕೆಗಳೆಲ್ಲವೂ ಒಂದೇ ಬಗೆಯವಾಗಿದ್ದರೆ ಮೊದಲನೆಯದು ಸಾಕು. ಕೆಲವು ಬೇಗ ಮುಗಿದು ಕೆಲವು ಬಹಳ ಹೊತ್ತು ಹಿಡಿಯುವಂತಿದ್ದರೆ ಮೂರನೆಯದೇ ಮೇಲು.

ಹಂಚುವುದರ ಜೊತೆಗೆ ನಿಯಾಮಕಕ್ಕೆ ಇನ್ನು ಮೂರು ಕರ್ತವ್ಯಗಳಿವೆ. ಮೊದಲನೆಯದಾಗಿ, ಅದು ಕೆಲವು ಸೆಕೆಂಡುಗಳಿಗೊಮ್ಮೆ ಪ್ರತಿಯೊಂದು ಯಂತ್ರವನ್ನೂ “ಇರುವೆಯಾ?” ಎಂದು ವಿಚಾರಿಸುವುದು, ಹಲವು ಬಾರಿ ಉತ್ತರ ಬಾರದಿದ್ದರೆ ಆ ಯಂತ್ರಕ್ಕೆ ಯಾರನ್ನೂ ಕಳುಹಿಸುವುದಿಲ್ಲ. ಎರಡನೆಯದಾಗಿ, ಅರ್ಜಿಯ ಮೊದಲ ಪುಟವನ್ನು ಎರಡನೆಯ ಯಂತ್ರದಲ್ಲಿ ತುಂಬಿದವಳನ್ನು, ಆಕೆ ತುಂಬಿದ ವಿವರವು ಆ ಯಂತ್ರದಲ್ಲಿಯೇ ಇರುವಾಗ, ಎರಡನೆಯ ಪುಟಕ್ಕೂ ಅಲ್ಲಿಗೇ ಕಳುಹಿಸುವುದು. ಬೇರೆಡೆಗೆ ಕಳುಹಿಸಿದರೆ ಆಕೆ ತನ್ನ ಹೆಸರನ್ನು ಪುನಃ ಮೊದಲಿನಿಂದ ಬರೆಯಬೇಕಾದೀತು. ಮೂರನೆಯದಾಗಿ, ಒಬ್ಬನೇ ಮಿತಿಮೀರಿ ಕೋರಿಕೆಗಳನ್ನು ಕಳುಹಿಸಿದರೆ ಅವನನ್ನು ತಡೆಯುವುದು.

ಈ ಮೂರನೆಯ ಕರ್ತವ್ಯವು ಎಷ್ಟು ಮುಖ್ಯವೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನವಿದೆ. ಆಸ್ತಿಯ ನೋಂದಣಿಗಾಗಿ ಇರುವ ಕಾವೇರಿ 2.0 ಎಂಬ ಸರ್ಕಾರಿ ವ್ಯವಸ್ಥೆಯ ಮೇಲೆ 2025ರ ಜನವರಿಯಲ್ಲಿ ದುರುದ್ದೇಶದಿಂದ ಕೋರಿಕೆಗಳ ಮಳೆಯನ್ನೇ ಸುರಿಸಲಾಯಿತು. 62 ಖಾತೆಗಳು 14 ಜಾಲವಿಳಾಸಗಳಿಂದ ಈ ಕೆಲಸಕ್ಕೆ ಬಳಸಲ್ಪಟ್ಟವೆಂದೂ, ಎರಡು ಗಂಟೆಗಳ ಅವಧಿಯಲ್ಲಿ 6.2 ಲಕ್ಷ ಕೋರಿಕೆಗಳು ಬಂದವೆಂದೂ ಆಗ ವರದಿಯಾಯಿತು. ಋಣಭಾರ ಪತ್ರವನ್ನು ಹುಡುಕುವ ಭಾಗದಲ್ಲಿ ಸಂಚಾರವು ವಾಡಿಕೆಯ ಎಂಟು ಪಟ್ಟು ಏರಿತು. ಉಪನೋಂದಣಿ ಕಚೇರಿಗಳಲ್ಲಿ ಕೆಲಸವು ಕುಂಠಿತವಾಯಿತು. ನಿಜವಾಗಿ ಮನೆಯನ್ನೋ ಹೊಲವನ್ನೋ ಕೊಳ್ಳಬಂದವರು ಕಾದು ಕುಳಿತರು. ಇಲ್ಲಿ ಜನರ ಅವಸರವಲ್ಲ, ಕೆಲವರ ಕೆಟ್ಟತನವೇ ಕಾರಣವಾಯಿತು. ನಿಯಾಮಕಕ್ಕಾದರೋ ಎರಡೂ ಕೋರಿಕೆಗಳ ಗುಂಪಾಗಿಯೇ ಕಾಣುವುವು; ಅವುಗಳನ್ನು ಬೇರ್ಪಡಿಸುವ ನಿಯಮವನ್ನು ಮನುಷ್ಯರೇ ಬರೆದು ಕೊಡಬೇಕು.

ಸಂಚಾರವನ್ನು ಬಾಗಿಲಿಗೆ ಬರುವ ಮೊದಲೇ ಹರಡುವುದೂ ಉಂಟು. 2023ರ ಜುಲೈಯಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿಯು ಆರಂಭವಾದಾಗ, ಪಡಿತರ ಚೀಟಿಯ ಸಂಖ್ಯೆಯನ್ನು ಸಂದೇಶವಾಗಿ ಕಳುಹಿಸಿದ ಗೃಹಿಣಿಗೆ, ಯಾವ ದಿನ ಯಾವ ವೇಳೆಗೆ ಯಾವ ಕೇಂದ್ರಕ್ಕೆ ಬರಬೇಕೆಂದು ಉತ್ತರವಾಗಿ ತಿಳಿಸುವ ಏರ್ಪಾಡನ್ನು ಮಾಡಲಾಗಿತ್ತು. ತಿಂಗಳಿಗೆ 2,000 ರೂಪಾಯಿಯ ಈ ಸಹಾಯಕ್ಕಾಗಿ ರಾಜ್ಯದ ಹೆಂಗಸರೆಲ್ಲರೂ ಒಂದೇ ಬೆಳಿಗ್ಗೆ ಸಾಲು ನಿಲ್ಲಬಾರದೆಂಬುದೇ ಇದರ ತತ್ತ್ವ. ಪರೀಕ್ಷೆಯ ಫಲಕ್ಕೆ ಹೀಗೆ ದಿನವನ್ನು ಹಂಚಿಕೊಡಲು ಯಾವ ತಾಯಿಯೂ ಒಪ್ಪಲಾರಳು. ಆದುದರಿಂದ ಅಲ್ಲಿ ಬಾಗಿಲಲ್ಲಿಯೇ ಹಂಚುವುದು ಅನಿವಾರ್ಯ.

ಬಸಿಯುವಿಕೆ

ಈಗ ಒಂದು ಸೂಕ್ಷ್ಮವಾದ ವಿಷಯಕ್ಕೆ ಬರೋಣ. ಮೂರನೆಯ ಯಂತ್ರವನ್ನು ರಿಪೇರಿ ಮಾಡಬೇಕಾಗಿದೆಯೆಂದು ತಿಳಿಯಿರಿ. ಥಟ್ಟನೆ ನಿಲ್ಲಿಸಿದರೆ ಆ ಕ್ಷಣದಲ್ಲಿ ಅದರೊಡನೆ ವ್ಯವಹರಿಸುತ್ತಿದ್ದ ನೂರಾರು ಮಂದಿಯ ಅರ್ಜಿಗಳು ಅರ್ಧದಲ್ಲಿಯೇ ಹಾಳಾಗುವುವು. ಹಾಗೆ ಮಾಡದೆ, ನಿಯಾಮಕಕ್ಕೆ ಡ್ರೈನ್ ಎಂಬ ಆಜ್ಞೆಯನ್ನು ಕೊಡುವರು. ಇದು ಅಡಕೆತೋಟದ ಬಸಿಗಾಲುವೆಯನ್ನು ಕಂಡ ನಮಗೆ ಬಹಳ ಸುಲಭವಾಗಿ ತಿಳಿಯುವ ಮಾತು: ಬಸಿಯುವುದು. ಹೊಸಬರನ್ನು ಮೂರನೆಯ ಯಂತ್ರಕ್ಕೆ ಕಳುಹಿಸಬೇಡ. ಆದರೆ ಈಗಾಗಲೇ ಅಲ್ಲಿರುವವರು ತಮ್ಮ ಕೆಲಸವನ್ನು ಮುಗಿಸಿಕೊಂಡು ತಾವಾಗಿ ಹೊರಬರಲಿ. ಕೊನೆಯವರು ಹೊರಬಂದ ಮೇಲೆ ಯಂತ್ರವು ಬರಿದಾಗುವುದು. ಅನಂತರ ಅದನ್ನು ನಿಲ್ಲಿಸಿದರೆ ಯಾರಿಗೂ ತೊಂದರೆಯಿಲ್ಲ. ಬಡಿಸುವವಳು ವಿಶ್ರಾಂತಿಗೆ ಹೋಗುವ ಮೊದಲು ತನ್ನ ಸಾಲಿನಲ್ಲಿ ನಿಂತವರಿಗೆ ಬಡಿಸಿ ಹೋಗುವ ಮರ್ಯಾದೆಯೇ ಇದು. ಹೀಗೆ ಪ್ರತಿ ಯಂತ್ರಕ್ಕೂ ಮೂರು ಸ್ಥಿತಿಗಳು: ಕೆಲಸದಲ್ಲಿರುವುದು, ಬಸಿಯುತ್ತಿರುವುದು, ನಿಂತಿರುವುದು.

ಆಜ್ಞೆಯನ್ನು ಬರೆದು ಕೊಡುವುದೇತಕ್ಕೆ?

ಇಂತಹ ನಿಯಾಮಕಗಳು ಅನೇಕ ಕಂಪನಿಗಳಿಂದ ತಯಾರಾಗಿವೆ. ಅವುಗಳಲ್ಲೊಂದರ ಚರಿತ್ರೆಯನ್ನು ಉದಾಹರಣೆಯಾಗಿ ಹೇಳುವೆನು. ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಆಡಂ ಟ್ವಿಸ್ ಮತ್ತು ಡೇಮಿಯನ್ ರೀವ್ಸ್ ಎಂಬಿಬ್ಬರು 1995ರಲ್ಲಿ ಜ್ಯೂಸ್ ಟೆಕ್ನಾಲಜಿ ಎಂಬ ಸಂಸ್ಥೆಯನ್ನು ಕಟ್ಟಿದರು. ಅವರ ಸಂಚಾರನಿಯಾಮಕವು 2011ರಲ್ಲಿ ರಿವರ್‌ಬೆಡ್ ಕಂಪನಿಗೂ, 2015ರಲ್ಲಿ ಬ್ರೊಕೇಡಿಗೂ, 2017ರಲ್ಲಿ ಪಲ್ಸ್ ಸೆಕ್ಯೂರಿಗೂ ಸೇರಿ, 2020ರಲ್ಲಿ ಇವಾಂಟಿ ಎಂಬ ಕಂಪನಿಯ ವಶಕ್ಕೆ ಬಂದಿತು. ಹೆಸರು ಹಲವು ಬಾರಿ ಬದಲಾದರೂ ಪೂಲ್, ನೋಡ್, ಡ್ರೈನ್ ಎಂಬ ಮೂಲಭಾವನೆಗಳು ಬದಲಾಗಲಿಲ್ಲ.

ಈ ನಿಯಾಮಕಕ್ಕೆ ಆಜ್ಞೆ ಕೊಡಲು ಎರಡು ಬಗೆಗಳುಂಟು. ಒಂದು, ತೆರೆಯ ಮೇಲೆ ಚಿತ್ರಗಳನ್ನೂ ಗುಂಡಿಗಳನ್ನೂ ನೋಡಿ ಒತ್ತುವುದು. ಮತ್ತೊಂದು, ಆಜ್ಞೆಯನ್ನು ಒಂದು ಪಂಕ್ತಿಯಾಗಿ ಬರೆದು ಕಳುಹಿಸುವುದು. ಇದಕ್ಕೆ ಕಮ್ಯಾಂಡ್ ಲೈನ್ ಎಂದು ಹೆಸರು. “ಫಲಿತಾಂಶದ ತಂಡದಲ್ಲಿ ಮೂರನೆಯ ಯಂತ್ರವನ್ನು ಬಸಿ” ಎಂಬಷ್ಟೇ ಚಿಕ್ಕದಾದ ಪಂಕ್ತಿ. ಅದನ್ನು ತೆಗೆದುಕೊಂಡು ಹೋಗಿ ನಿಯಾಮಕಕ್ಕೆ ಮುಟ್ಟಿಸಿ ಉತ್ತರವನ್ನು ತರುವ ಕಾರ್ಯಕ್ರಮಕ್ಕೆ ಕ್ಲೈಂಟ್ ಎನ್ನುವರು. ಅಂದರೆ ಕೇಳುವ ಪಕ್ಷ.

ಗುಂಡಿಯನ್ನು ಒತ್ತುವುದು ಸುಲಭವಾಗಿರುವಾಗ ಬರೆಯುವ ಶ್ರಮವೇತಕ್ಕೆಂದು ನೀವು ಕೇಳಬಹುದು. ಒತ್ತಿದ ಬೆರಳಿನ ಗುರುತು ಉಳಿಯುವುದಿಲ್ಲ. ಬರೆದ ಪಂಕ್ತಿಯು ಉಳಿಯುವುದು. ಬರೆದುದನ್ನು ಇನ್ನೊಬ್ಬರು ಓದಿ ತಿದ್ದಬಹುದು. ಬರೆದುದನ್ನು ಹಿಂದಿನ ವಾರವೇ ಪರೀಕ್ಷಿಸಿ ನೋಡಬಹುದು. ನಲವತ್ತು ಯಂತ್ರಗಳಿಗೆ ನಲವತ್ತು ಸಲ ಒತ್ತುವಾಗ ನಿದ್ದೆಗಣ್ಣಿನಲ್ಲಿ ಇಪ್ಪತ್ತೇಳನೆಯದು ಬಿಟ್ಟುಹೋದೀತು. ಬರೆದ ಪಂಕ್ತಿಯು ನಲವತ್ತಕ್ಕೂ ಒಂದೇ ರೀತಿಯಾಗಿ ನಡೆಯುವುದು. ಗುಂಡಿಯನ್ನು ಒತ್ತಬಲ್ಲವನು ರಜೆಯ ಮೇಲೆ ಹೋದರೆ ಅವನ ವಿದ್ಯೆಯೂ ಅವನೊಡನೆ ಹೋಗುವುದು. ಬರೆದಿಟ್ಟರೆ ಅದು ಕಚೇರಿಯ ಸ್ವತ್ತಾಗುವುದು.

ಮಾಣಿಕ್ಯವೆಂಬ ಭಾಷೆ

ಈ ಬಗೆಯ ಕ್ಲೈಂಟನ್ನು ಬರೆಯಲು ಒದಗುವ ಭಾಷೆಗಳಲ್ಲಿ ರೂಬಿ ಎಂಬುದು ಒಂದು. ರೂಬಿ ಎಂದರೆ ಮಾಣಿಕ್ಯ. ಜಪಾನಿನ ಯುಕಿಹಿರೊ ಮಾತ್ಸುಮೊಟೊ ಎಂಬವರು 1993ರಲ್ಲಿ ಇದನ್ನು ರೂಪಿಸಲು ಆರಂಭಿಸಿ 1995ರ ಡಿಸೆಂಬರಿನಲ್ಲಿ ಲೋಕಕ್ಕೆ ಕೊಟ್ಟರು. ಅದಕ್ಕೆ ಮೊದಲೇ ಪರ್ಲ್ ಎಂಬ ಭಾಷೆಯಿದ್ದಿತು. ಆ ಹೆಸರು ಕಿವಿಗೆ ಮುತ್ತೆಂಬ ಅರ್ಥವನ್ನೇ ಕೊಡುವುದರಿಂದ, ಇದಕ್ಕೂ ಒಂದು ರತ್ನದ ಹೆಸರನ್ನೇ ಇಟ್ಟರು. ಯಂತ್ರದ ಅನುಕೂಲಕ್ಕಿಂತ ಬರೆಯುವ ಮನುಷ್ಯರ ಸಂತೋಷವು ಮುಖ್ಯವೆಂಬುದು ಅವರ ಅಭಿಪ್ರಾಯ. ಈ ಭಾಷೆಯಲ್ಲಿ ಬರೆದು ಇತರರು ಉಪಯೋಗಿಸಲೆಂದು ಕಟ್ಟಿಟ್ಟ ಕಾರ್ಯಕ್ರಮಗಳಿಗೂ ಜೆಮ್, ಅಂದರೆ ರತ್ನ, ಎಂದೇ ಹೆಸರು. ಭಾಷೆಯು ಎಲ್ಲರಿಗೂ ಉಚಿತವಾಗಿ ದೊರೆಯುವುದು.

ಕ್ಲೈಂಟ್ ಮಾಡುವ ಕೆಲಸವನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡೋಣ. ಮೊದಲು ಅದು ನಾವು ಬರೆದ ಪಂಕ್ತಿಯನ್ನು ಪದಗಳಾಗಿ ಬಿಡಿಸುವುದು: ಯಾವ ತಂಡ, ಯಾವ ಯಂತ್ರ, ಯಾವ ಸ್ಥಿತಿ. ಪದವು ತಪ್ಪಾಗಿದ್ದರೆ ಅಲ್ಲಿಯೇ ತಡೆಯುವುದು. ಎರಡನೆಯದಾಗಿ, ಹೆಸರನ್ನೂ ಗುಪ್ತಪದವನ್ನೂ ತೋರಿಸಿ, ಇತರರು ಓದಲಾಗದಂತೆ ಮುಚ್ಚಿದ ದಾರಿಯ ಮೂಲಕ ನಿಯಾಮಕದ ಆಡಳಿತದ ಬಾಗಿಲಿಗೆ ಹೋಗುವುದು. ಮೂರನೆಯದಾಗಿ, ತಂಡದ ಈಗಿನ ಪಟ್ಟಿಯನ್ನು ಓದಿಕೊಳ್ಳುವುದು. ನಾಲ್ಕನೆಯದಾಗಿ, ಆ ಪಟ್ಟಿಯಲ್ಲಿ ಒಂದು ಸಾಲನ್ನು ಮಾತ್ರ ತಿದ್ದಿ, ಪೂರ್ಣಪಟ್ಟಿಯನ್ನು ಮರಳಿ ಕೊಡುವುದು. ಓದದೆಯೇ ಒಂದು ಸಾಲನ್ನು ಮಾತ್ರ ಬರೆದು ಕಳುಹಿಸಿದರೆ ನಿಯಾಮಕವು ಅದೇ ಪೂರ್ಣಪಟ್ಟಿಯೆಂದು ತಿಳಿದು ಉಳಿದ ಯಂತ್ರಗಳನ್ನು ಮರೆತೀತು. ಒಬ್ಬ ಹುಡುಗಿಯ ಹೆಸರನ್ನು ತಿದ್ದಲು ಹೋಗಿ ಇಡೀ ಹಾಜರಿ ಪುಸ್ತಕವನ್ನು ಹರಿದಂತಾಗುವುದು.

ಐದನೆಯದಾಗಿ, ಉತ್ತರವನ್ನು ಓದುವುದು. ಉತ್ತರಗಳಿಗೆ ಅಂಕಿಗಳಿವೆ: 200 ಎಂದರೆ ಕೆಲಸವಾಯಿತು, 401 ಎಂದರೆ ನಿನ್ನ ಗುರುತು ಒಪ್ಪಿಗೆಯಾಗಲಿಲ್ಲ, 404 ಎಂದರೆ ಆ ಹೆಸರಿನದು ಇಲ್ಲಿಲ್ಲ. ಕೊನೆಯದಾಗಿ, ಕ್ಲೈಂಟ್ ತಾನು ಮುಗಿಯುವಾಗ ಒಂದು ಅಂಕಿಯನ್ನು ಬಿಟ್ಟುಹೋಗುವುದು. ಶಾಲೆಯಲ್ಲಿ ಸೊನ್ನೆಯನ್ನು ಕಂಡರೆ ನಮಗೆಲ್ಲರಿಗೂ ಭಯ. ಇಲ್ಲಿಯಾದರೋ ಸೊನ್ನೆಯೇ ಪೂರ್ಣಾಂಕ. ಸೊನ್ನೆಯೆಂದರೆ ದೋಷವಿಲ್ಲವೆಂದರ್ಥ, ಬೇರೆ ಯಾವ ಅಂಕಿಯಾದರೂ ದೋಷದ ಸೂಚನೆ. ಇದನ್ನು ನೋಡಿಕೊಂಡೇ ಮುಂದಿನ ಆಜ್ಞೆಯು ನಡೆಯಬೇಕೆ ನಿಲ್ಲಬೇಕೆ ಎಂಬುದು ತೀರ್ಮಾನವಾಗುವುದು.

ಒಳ್ಳೆಯ ಕ್ಲೈಂಟಿಗೆ ವಿವೇಕವನ್ನೂ ಕಲಿಸಿಡಬಹುದು. ತಂಡದಲ್ಲಿ ಕೆಲಸಮಾಡುವ ಯಂತ್ರವು ಒಂದೇ ಉಳಿದಿದ್ದಾಗ ಅದನ್ನೂ ಬಸಿಯೆಂದು ಯಾರಾದರೂ ಬರೆದರೆ, “ಇದು ಕೊನೆಯ ಯಂತ್ರ, ಮಾಡಲಾರೆ” ಎಂದು ನಿಲ್ಲುವಂತೆ ಮೂರು ನಾಲ್ಕು ಪಂಕ್ತಿಗಳಲ್ಲಿ ಬರೆಯಬಹುದು. ನಿಜವಾಗಿ ಮಾಡುವ ಮೊದಲು ಏನು ಮಾಡುವೆನೆಂಬುದನ್ನು ಮಾತ್ರ ಹೇಳಿ ತೋರಿಸುವ ಏರ್ಪಾಡನ್ನೂ ಇಡಬಹುದು. ಈ ಮುಂಜಾಗ್ರತೆಗಳನ್ನು ಭಾಷೆಯು ತಾನಾಗಿ ಕೊಡುವುದಿಲ್ಲ. ಬರೆಯುವವಳು ಬಾಗಿಲಾಚೆ ಕಾದಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಸೇರಿಸಬೇಕು.

ಬೀಗದ ಕೈ

ಸಾವಿರಾರು ಜನರ ದಾರಿಯನ್ನು ತಿರುಗಿಸಬಲ್ಲ ಆಜ್ಞೆಯು ಕೆಟ್ಟವರ ಕೈಗೆ ಸಿಕ್ಕಿದರೆ ಆಗುವ ಹಾನಿಯೂ ಅಷ್ಟೇ ದೊಡ್ಡದು. ಮೇಲೆ ಹೇಳಿದ ನಿಯಾಮಕದಲ್ಲಿಯೇ ಒಂದು ದೋಷವಿರುವುದಾಗಿ 2024ರ ಆಗಸ್ಟಿನಲ್ಲಿ ಇವಾಂಟಿ ಕಂಪನಿಯು ಪ್ರಕಟಿಸಿತು. ಗುಪ್ತಪದವನ್ನು ಅರಿಯದ ಹೊರಗಿನವನೂ ಆಡಳಿತದ ಬಾಗಿಲಿಗೆ ಬಂದು ತನಗೊಂದು ಅಧಿಕಾರಿಯ ಖಾತೆಯನ್ನು ಸೃಷ್ಟಿಸಿಕೊಳ್ಳಲು ಈ ದೋಷವು ಆಸ್ಪದಕೊಡುತ್ತಿದ್ದಿತು. ಅದರ ತೀವ್ರತೆಯನ್ನು 10ಕ್ಕೆ 9.8 ಎಂದು ಅಳೆಯಲಾಯಿತು. ಮುಂದಿನ ತಿಂಗಳು ಅಮೆರಿಕದ ಸರ್ಕಾರವು ಈ ದೋಷವನ್ನು ದುಷ್ಟರು ಉಪಯೋಗಿಸುತ್ತಿರುವ ದೋಷಗಳ ಪಟ್ಟಿಗೆ ಸೇರಿಸಿತು. ಪರಿಹಾರವು ಎರಡು ಬಗೆಯದು: ತಿದ್ದಿದ ಆವೃತ್ತಿಯನ್ನು ಹಾಕಿಕೊಳ್ಳುವುದು, ಆಡಳಿತದ ಬಾಗಿಲನ್ನು ಸಾರ್ವಜನಿಕ ಜಾಲದ ಕಡೆಗೆ ತೆರೆದಿಡದೆ ಕಚೇರಿಯ ಒಳಗಿನ ಜಾಲಕ್ಕೆ ಮಾತ್ರ ತೆರೆದಿಡುವುದು. ಇದರೊಂದಿಗೆ ಗುಪ್ತಪದವನ್ನು ಕಾರ್ಯಕ್ರಮದ ಪಂಕ್ತಿಗಳೊಳಗೆ ಬರೆದಿಡಬಾರದು; ಯಾರಿಗೆ ಎಷ್ಟು ಕೆಲಸವೋ ಅಷ್ಟೇ ಅಧಿಕಾರವನ್ನು ಕೊಡಬೇಕು; ಯಾರು ಯಾವಾಗ ಯಾವ ಆಜ್ಞೆಯನ್ನು ಕೊಟ್ಟರೆಂಬ ದಾಖಲೆಯನ್ನು ಇಡಬೇಕು. ಉಗ್ರಾಣದ ಬೀಗದ ಕೈಯನ್ನು ಬಾಗಿಲ ಮೊಳೆಗೇ ತೂಗುಹಾಕುವ ಗೃಹಿಣಿಯು ನಮ್ಮಲ್ಲಿ ಯಾರೂ ಇಲ್ಲವಷ್ಟೆ.

ಮನೆಯವರೂ ವಿದ್ಯಾರ್ಥಿನಿಯರೂ ಮಾಡತಕ್ಕದ್ದು

ತಾಯ್ತಂದೆಗಳಲ್ಲಿ ನನ್ನ ವಿಜ್ಞಾಪನೆಯು ಇಷ್ಟು. ಫಲಿತಾಂಶದ ದಿನ ಪುಟವು ತೆರೆಯದಿದ್ದರೆ ಮನೆಯಲ್ಲಿ ಒಬ್ಬರೇ, ಒಂದೇ ಫೋನಿನಲ್ಲಿ, ಹತ್ತು ನಿಮಿಷಕ್ಕೊಮ್ಮೆ ಪ್ರಯತ್ನಿಸಿರಿ. ಒಂದು ಗಂಟೆ ತಡವಾಗಿ ಕಂಡರೆ ಅಂಕಗಳು ಕಡಿಮೆಯಾಗುವುದಿಲ್ಲ. ಕಾಯುವ ಆ ಹೊತ್ತಿನಲ್ಲಿ ಮಗಳನ್ನು ಒಬ್ಬಳನ್ನೇ ಬಿಡದೆ ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಿರಿ. ಆದರೆ ಸಾರ್ವಜನಿಕ ಕೆಲಸದಲ್ಲಿ ಪದೇ ಪದೇ “ಸರ್ವರ್ ಬ್ಯುಸಿ” ಎಂಬ ಉತ್ತರವೇ ಬಂದರೆ ಅದನ್ನು ಹಣೆಬರಹವೆಂದು ಸ್ವೀಕರಿಸಬೇಡಿರಿ. “ಎಷ್ಟು ಜನರು ಬರುವರೆಂದು ಲೆಕ್ಕಹಾಕಿದ್ದಿರಾ? ಒಂದು ಯಂತ್ರ ಕೆಟ್ಟರೆ ಏನು ಏರ್ಪಾಡು?” ಎಂದು ಮರ್ಯಾದೆಯಿಂದ, ಬರವಣಿಗೆಯಲ್ಲಿ, ಕೇಳುವ ಹಕ್ಕು ನಿಮಗಿದೆ.

ಹಳೆಯ ವಿದ್ಯಾರ್ಥಿನಿಯರೇ, ಈ ವಿದ್ಯೆಯು ಬೆಂಗಳೂರಿನ ದೊಡ್ಡ ಕಟ್ಟಡಗಳಲ್ಲಿರುವವರಿಗೆ ಮಾತ್ರ ಮೀಸಲೆಂದು ತಿಳಿಯಬೇಡಿರಿ. ಇದಕ್ಕೆ ಬೇಕಾದುದು ಸ್ಪಷ್ಟವಾಗಿ ಒಂದು ವಾಕ್ಯವನ್ನು ಬರೆಯುವ ಅಭ್ಯಾಸ, ಭಾಗಾಕಾರದ ಲೆಕ್ಕ, ಮತ್ತು ಬರೆದುದನ್ನು ಎರಡನೆಯ ಸಲ ಓದುವ ತಾಳ್ಮೆ. ಇವು ಮೂರನ್ನೂ ನೀವು ಶಾಲೆಯ ಬೆಂಚಿನ ಮೇಲೆಯೇ ಕಲಿತಿರುವಿರಿ. ಈ ಕೆಳಗಿನ ಪ್ರಶ್ನೆಗಳನ್ನು ಮನೆಯವರೊಡನೆ ಕುಳಿತು ಬಿಡಿಸಿರಿ.

1. 8,59,967 ಮಂದಿ ಇಪ್ಪತ್ತು ನಿಮಿಷಗಳೊಳಗೆ ಒಂದೊಂದು ಸಲ ಬಂದರೆ ಸೆಕೆಂಡಿಗೆ ಎಷ್ಟು ಕೋರಿಕೆಗಳು? ಯಂತ್ರವೊಂದಕ್ಕೆ 400ರಂತೆ ಎಷ್ಟು ಯಂತ್ರಗಳು ಬೇಕು? ಒಂದು ಕೆಟ್ಟರೂ ಸಾಲು ನಿಲ್ಲದಂತೆ ಎಷ್ಟು ಇರಬೇಕು?

2. ಫಲಿತಾಂಶದ ಹಿಂದಿನ ರಾತ್ರಿ ನಾಲ್ಕು ಯಂತ್ರಗಳಲ್ಲಿ ಎರಡನ್ನು ರಿಪೇರಿ ಮಾಡಬೇಕಾಗಿದೆ. ಬಸಿಯುವ, ನಿಲ್ಲಿಸುವ, ಪುನಃ ಕೆಲಸಕ್ಕೆ ಹಚ್ಚುವ ಆಜ್ಞೆಗಳನ್ನು ಯಾವ ಕ್ರಮದಲ್ಲಿ ಬರೆಯುವಿರಿ? ಎರಡನ್ನೂ ಒಟ್ಟಿಗೆ ಬಸಿಯಬಹುದೇ? ಕಾರಣ ಕೊಡಿರಿ.

3. ಒಂದೇ ವಿಳಾಸದಿಂದ ಒಂದು ನಿಮಿಷದಲ್ಲಿ ಅರವತ್ತು ಕೋರಿಕೆಗಳು ಬಂದಿವೆ. ಅವನು ದುಷ್ಟನೇ, ಅಥವಾ ಒಂದೇ ಸಂಪರ್ಕದಿಂದ ಅರವತ್ತು ಹುಡುಗಿಯರ ಫಲವನ್ನು ನೋಡಿಕೊಡುತ್ತಿರುವ ಹಳ್ಳಿಯ ಸೇವಾಕೇಂದ್ರದವನೇ? ಒಬ್ಬನನ್ನು ತಡೆದು ಇನ್ನೊಬ್ಬನನ್ನು ಬಿಡುವ ನಿಯಮವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.